ಕಬ್ಬಿಗೆ ಕಾಟಾ ಇದೆ, ಕಾಲೇಜಿಗೆ ಯಾಕಿಲ್ಲ?

ಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ,
ಮುಕ್ಕಾಂ: ಸುವರ್ಣ ವಿಧಾನಸೌಧ, ಬೆಳಗಾವಿ

ವಿಷಯ: ಕಾಲೇಜು ಓದಿನ ನಿಜವಾದ ಖರ್ಚು ಮತ್ತು ನಿಜವಾದ ಫಲವನ್ನು ಪ್ರವೇಶಕ್ಕೆ ಮೊದಲೇ ಪಾಲಕರಿಗೆ ತಿಳಿಸುವ ಕುರಿತು.

ಮಾನ್ಯರೇ,

ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನವನು. ಘಟಪ್ರಭೆಯ ದಂಡೆಗೆ ಮೂರು ಎಕರೆ ಕಬ್ಬಿನ ಹೊಲ, ಮನೆಯಲ್ಲಿ ಮೂವರು ಮಕ್ಕಳು. ಹಿರಿಯ ಮಗ ಬಿ.ಇ. ಮುಗಿಸಿದ್ದಾನೆ, ಮಗಳು ಬಿ.ಎಸ್ಸಿ. ಮುಗಿಸಿದ್ದಾಳೆ, ಕಿರಿಯವನು ಪಿಯುಸಿ ಎರಡನೇ ವರ್ಷದ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದಾನೆ. ಅಧಿವೇಶನಕ್ಕೆಂದು ತಾವು ನಮ್ಮ ಭಾಗಕ್ಕೆ ಬಂದಿರುವ ಹೊತ್ತಿನಲ್ಲಿ ಈ ಪತ್ರ ಬರೆಯುತ್ತಿದ್ದೇನೆ. ತಮಗೊಬ್ಬರಿಗೇ ಬರೆದು ಅಂಚೆಗೆ ಹಾಕಬಹುದಿತ್ತು. ಆದರೆ ಇದನ್ನು ನನ್ನಂಥ ಪಾಲಕರೂ ಓದಬೇಕು, ನಮ್ಮ ಮಕ್ಕಳೂ ಓದಬೇಕು ಅನ್ನುವ ಕಾರಣಕ್ಕೆ ಬಹಿರಂಗವಾಗಿ ಬರೆದಿದ್ದೇನೆ.

ದೀಪಾವಳಿ ಮುಗಿದ ವಾರ ಕಿರಿಯವನು ರಾತ್ರಿ ಊಟಕ್ಕೆ ಕೂತಾಗ ಕೇಳಿದ: "ಅಪ್ಪಾ, ಅಣ್ಣ ಹತ್ತ ಲಕ್ಷ ಖರ್ಚ ಮಾಡಿ ಬಿ.ಇ. ಕಲ್ತ. ಹದಿನೆಂಟ ಸಾವಿರ ಪಗಾರ ಬರ್ತೈತಿ, ಅದರಾಗ ಹನ್ನೆರಡೂವರಿ ಸಾವಿರ ಬ್ಯಾಂಕಿಗೆ ಹೊಕ್ಕೈತಿ. ನನ್ನೂ ಅದಕ್ಕ ಹಚ್ಚಾಂವ ಏನು?" ಇವನ ತಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಓದಬೇಡ ಅನ್ನಲು ಬಾಯಿ ಬರಲಿಲ್ಲ, ಓದು ಅನ್ನಲು ಧೈರ್ಯ ಬರಲಿಲ್ಲ.

ನಾನೂ ಪದವೀಧರನೇ. 1990ರಿಂದ 1993ರವರೆಗೆ ಜಮಖಂಡಿಯಲ್ಲಿದ್ದು ಬಿ.ಎ. ಓದಿದೆ. ಆಗ ಬಾಗಲಕೋಟೆ ಬೇರೆ ಜಿಲ್ಲೆ ಆಗಿರಲಿಲ್ಲ, ನಮ್ಮದು ವಿಜಾಪುರ ಜಿಲ್ಲೆ. ನಮ್ಮ ಡಿಗ್ರಿಯ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮುದ್ರೆ ಬೀಳುತ್ತಿತ್ತು. ಮೊದಲ ವರ್ಷದ ಫೀಗೂ ಕೋಣೆಯ ಬಾಡಿಗೆಗೂ ನಮ್ಮಪ್ಪ ಒಂದು ಮಣಕ (ಕಡಸು) ಮಾರಿದ. ಮೂರು ವರ್ಷದಲ್ಲಿ ಮಾರಿದ್ದು ಅದೊಂದೇ. ಪ್ರತಿ ಸೋಮವಾರ ಊರಿನ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ನನಗೆ ನೌಕರಿ ಸಿಗಲಿಲ್ಲ, ಊರಿಗೆ ಬಂದು ಅಪ್ಪನ ಜೋಡಿ ಹೊಲಕ್ಕೆ ಇಳಿದೆ. ಆದರೂ ಆ ಮಣಕ ದಂಡವಾಯಿತು ಅಂತ ಅಪ್ಪ ಸಾಯುವವರೆಗೂ ಒಂದು ಮಾತು ಆಡಲಿಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಕಬ್ಬು ಮುಳುಗಿದಾಗ ನಮ್ಮ ಓಣಿಯ ಮನೆಮನೆಯ ಅರ್ಜಿಯನ್ನು ನಮ್ಮ ಪಡಸಾಲೆಯಲ್ಲಿ ಕೂತು ನಾನೇ ಬರೆದೆ. ಪಂಚನಾಮೆಯಲ್ಲಿ ಬಿದ್ದ ಗೋಡೆಯನ್ನು ಬಿರುಕು ಅಂತ ಬರೆದಿದ್ದನ್ನು ಓದಿ, ಅಲ್ಲೇ ನಿಂತು ತಿದ್ದಿಸಿದೆ. ಓದಿದ್ದು ಕೈಬಿಡಲಿಲ್ಲ. ಆದ್ದರಿಂದ ಓದು ವ್ಯರ್ಥ ಅಂತ ಹೇಳುವವರ ಸಾಲಿನಲ್ಲಿ ನಾನಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಮಾತು ಓದಿ ಯಾರೂ ತಪ್ಪು ತಿಳಿಯಬಾರದು. ಒಂದು ಮಣಕ ಕಳೆದುಕೊಂಡವನು ಮತ್ತೆ ಎದ್ದು ನಿಲ್ಲುತ್ತಾನೆ. ಮೂರು ವರ್ಷದ ಬೆಳೆ ಕಳೆದುಕೊಂಡವನ ಮಾತು ಬೇರೆ.

ಲೆಕ್ಕ ಒಪ್ಪಿಸುತ್ತೇನೆ. ಹಿರಿಯ ಮಗ 2019ರಲ್ಲಿ ಇಂಜಿನಿಯರಿಂಗ್ ಸೇರಿದ. ಸಿಇಟಿ ರ್‍ಯಾಂಕಿಗೆ ಸರ್ಕಾರಿ ಶುಲ್ಕದಲ್ಲಿ ಮೆಕ್ಯಾನಿಕಲ್ ಸಿಗುತ್ತಿತ್ತು. ಕಂಪ್ಯೂಟರ್ ಸೈನ್ಸ್ ಬಿಟ್ಟು ಬೇರೆ ಕಲಿತರೆ ನೌಕರಿ ಇಲ್ಲ ಅಂತ ಊರೆಲ್ಲ ಹೇಳಿತು, ನಾವೂ ನಂಬಿದೆವು. ಖಾಸಗಿ ಕಾಲೇಜೊಂದರಲ್ಲಿ ಮ್ಯಾನೇಜ್‌ಮೆಂಟ್ ಸೀಟು ತೆಗೆದುಕೊಂಡೆವು. ಕಾಲೇಜಿನ ಹೆಸರು ಬರೆಯುತ್ತಿಲ್ಲ. ಒಂದರ ಹೆಸರು ಬರೆದರೆ ಉಳಿದವು ಪಾರಾಗುತ್ತವೆ. ಫೀ ವರ್ಷಕ್ಕೆ 1,50,000, ನಾಲ್ಕು ವರ್ಷಕ್ಕೆ 6,00,000. ಹೇಳಿದ್ದು ಇಷ್ಟೇ. ಸೇರಿದ ಮೇಲೆ 'ಸ್ಕಿಲ್ ಲ್ಯಾಬ್ ಮತ್ತು ಪ್ಲೇಸ್‌ಮೆಂಟ್ ಟ್ರೇನಿಂಗ್' ಅಂತ ವರ್ಷಕ್ಕೆ 18,000 ಬಂತು, ಅದು 72,000. ಹಾಸ್ಟೆಲ್ಲು, ಮೆಸ್ಸು ಕೂಡಿ 2,10,000. ಲ್ಯಾಪ್‌ಟಾಪ್ 48,000. ಪರೀಕ್ಷೆ ಶುಲ್ಕ, ಸಮವಸ್ತ್ರ, ಓಡಾಟ 40,000. ಇದರ ಮೇಲೆ ಪ್ರವೇಶದ ದಿನವೇ 'ಕಟ್ಟಡ ನಿಧಿ' ಅಂತ 50,000 ನಗದು ಎಣಿಸಿಕೊಂಡರು. ಅದಕ್ಕೆ ರಸೀದಿ ಇಲ್ಲ. ಎಲ್ಲಾ ಕೂಡಿಸಿದರೆ 10,20,000 ರೂಪಾಯಿ.

ನಮ್ಮ ಹೊಲದಲ್ಲಿ ಎಕರೆಗೆ ಒಳ್ಳೆಯ ವರ್ಷ 40 ಟನ್ ಬರುತ್ತದೆ, ಮೂರು ಎಕರೆಗೆ 120. ಆ ವರ್ಷಗಳಲ್ಲಿ ನಮ್ಮ ಕೈಗೆ ಬಂದ ದರ ಸರಾಸರಿ 2,700 ಅಂತ ಹಿಡಿಯಿರಿ. 10,20,000 ರೂಪಾಯಿ ಅಂದರೆ 378 ಟನ್ ಕಬ್ಬು. ಗೊಬ್ಬರ, ಬೀಜ, ಆಳು, ನೀರು ಯಾವುದಕ್ಕೂ ಒಂದು ಪೈಸೆ ತೆಗೆಯದೆ, ಮನೆಯಲ್ಲಿ ಯಾರೂ ಉಣ್ಣದೆ, ಮೂರು ವರ್ಷದ ಪೂರ್ತಿ ಬೆಳೆ ಒಬ್ಬ ಮಗನ ಡಿಗ್ರಿಗೆ ಸಾಲಲಿಲ್ಲ. 7,00,000 ಬ್ಯಾಂಕಿನಿಂದ ಶಿಕ್ಷಣ ಸಾಲ, ಉಳಿದ 3,20,000ಕ್ಕೆ ಹೆಂಡತಿಯ ಬೋರಮಾಳ ಸರವೂ ಊರಿನ ಕೈಗಡವೂ.

ಸಾಲದ ನಡೆಯನ್ನು ಬಹಳ ಮಂದಿ ಪಾಲಕರು ಸಹಿ ಮಾಡಿದ ಮೇಲೆ ತಿಳಿಯುತ್ತಾರೆ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಓದುವ ನಾಲ್ಕು ವರ್ಷ ಮತ್ತು ನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಕಟ್ಟಬೇಕಿಲ್ಲ ಅಂದರೆ ಬಡ್ಡಿ ನಿಂತಿದೆ ಅಂತ ಅರ್ಥ ಅಲ್ಲ, ಅದು ಒಳಗೇ ಬೆಳೆಯುತ್ತದೆ. ವರ್ಷಕ್ಕೆ 1,75,000ದಂತೆ ನಾಲ್ಕು ಸಲ ತೆಗೆದ 7,00,000ಕ್ಕೆ, ನೂರಕ್ಕೆ ಹತ್ತರ ಸರಳ ಬಡ್ಡಿಯಲ್ಲಿ, 2024ರಲ್ಲಿ ಕಂತು ಶುರುವಾಗುವ ಹೊತ್ತಿಗೆ 2,45,000 ಬಡ್ಡಿಯೇ ಸೇರಿತ್ತು. 9,45,000ಕ್ಕೆ ಹತ್ತು ವರ್ಷ, ತಿಂಗಳಿಗೆ ಸುಮಾರು 12,500. ವರಮಾನ ನಾಲ್ಕೂವರೆ ಲಕ್ಷದೊಳಗಿದ್ದರೆ ಕಂತು ಶುರುವಾಗುವವರೆಗಿನ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುವ ಯೋಜನೆ ಇದೆ. ನಿಮ್ಮದು ಮ್ಯಾನೇಜ್‌ಮೆಂಟ್ ಸೀಟು, ನಿಮಗೆ ಬರುವುದಿಲ್ಲ ಅಂತ ಬ್ಯಾಂಕಿನವರು ಹೇಳಿದರು. ಸಾಲ ಕೊಡುವ ದಿನ ಈ ಮಾತು ಬಂದಿರಲಿಲ್ಲ. ರೈತ ವಿದ್ಯಾನಿಧಿಯಲ್ಲಿ ಬಿ.ಇ. ಓದುವ ಹುಡುಗನಿಗೆ ವರ್ಷಕ್ಕೆ 10,000 ಬರುತ್ತದೆ. ಬಂದದ್ದಕ್ಕೆ ಋಣಿಯಾಗಿದ್ದೇನೆ. ಅದು ಸ್ಕಿಲ್ ಲ್ಯಾಬಿನ ಫೀಗೂ ಸಾಲಲಿಲ್ಲ ಅನ್ನುವುದನ್ನೂ ಹೇಳಬೇಕು.

ಇಷ್ಟು ಕೊಟ್ಟು ಪಡೆದದ್ದೇನು? ನಮ್ಮ ಊರಿನ ಕ್ರಾಸ್‌ನಲ್ಲಿ ಆ ಕಾಲೇಜಿನ ದೊಡ್ಡ ಫಲಕ ಇತ್ತು. 'ನೂರಕ್ಕೆ ನೂರು ಪ್ಲೇಸ್‌ಮೆಂಟ್', ಕೆಳಗೆ ನಗುವ ಮಕ್ಕಳ ಫೋಟೋ, ಒಬ್ಬೊಬ್ಬರ ಪಕ್ಕ ಲಕ್ಷಗಳ ಅಂಕಿ. ಮಗ ಕೊನೆಯ ವರ್ಷಕ್ಕೆ ಬಂದಾಗ ಆ ನೂರರ ಲೆಕ್ಕ ತಿಳಿಯಿತು. ಒಂದೂ ವಿಷಯ ಬಾಕಿ ಇಲ್ಲದೆ, ತರಬೇತಿಗೆ ಹೆಸರು ನೋಂದಾಯಿಸಿದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಒಬ್ಬ ಹುಡುಗನಿಗೆ ಮೂರು ಕಂಪನಿ ಪತ್ರ ಕೊಟ್ಟರೆ ಮೂರು ನೌಕರಿ ಅಂತ ಎಣಿಸುತ್ತಾರೆ. ಪತ್ರ ಕೊಟ್ಟ ಕಂಪನಿ ಕೆಲಸಕ್ಕೆ ಕರೆಯಿತೋ ಇಲ್ಲವೋ ಯಾರೂ ಕೇಳುವುದಿಲ್ಲ. ನನ್ನ ಮಗನಿಗೂ 2022ರಲ್ಲಿ ಒಂದು ಪತ್ರ ಬಂತು. ಊರಿಗೆಲ್ಲ ಪೇಢೆ ಹಂಚಿದೆವು. ಕೆಲಸಕ್ಕೆ ಸೇರುವ ದಿನಾಂಕ ಇವತ್ತಿಗೂ ಬಂದಿಲ್ಲ. ಆ ವರ್ಷದ ಫಲಕದಲ್ಲಿ ಅವನ ಫೋಟೋ ಮಾತ್ರ ಬಂತು.

ನಡುವೆ ಕೊರೊನಾ. 2020ರ ಮಾರ್ಚ್‌ನಿಂದ ಪಾಠ ಮೊಬೈಲಿನಲ್ಲಿ. ಮನೆಯೊಳಗೆ ಸಿಗ್ನಲ್ ಇಲ್ಲದ್ದಕ್ಕೆ ಮಾಳಿಗೆ ಮೇಲೆ ಕೊಡೆ ಹಿಡಿದು ಕೂತು ಕೇಳಿದ. ಲ್ಯಾಬಿನ ಬಾಗಿಲು ತೆರೆಯದ ವರ್ಷವೂ ಲ್ಯಾಬಿನ ಫೀ ಪೂರ್ತಿ ಕಟ್ಟಿದೆವು.

ಇದೆಲ್ಲವನ್ನೂ ನುಂಗಿಕೊಂಡಿದ್ದೆ. ನುಂಗಲಾರದ್ದು ಒಂದಿದೆ. ಪ್ರವೇಶದ ದಿನ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಯ ಮೂಲ ಅಂಕಪಟ್ಟಿಗಳನ್ನು ಕಾಲೇಜಿನವರು ತೆಗೆದಿಟ್ಟುಕೊಂಡಿದ್ದರು. 2023ರಲ್ಲಿ ಓದು ಮುಗಿದಾಗ 42,000 ಬಾಕಿ ಇದೆ, ಕಟ್ಟಿ ಒಯ್ಯಿರಿ ಅಂದರು. ಯಾವ ಬಾಕಿ ಅಂತ ಕೇಳಿದರೆ 'ಅಭಿವೃದ್ಧಿ ಶುಲ್ಕ' ಅಂದರು. ಆ ತಿಂಗಳು ಪುಣೆಯ ಒಂದು ಕಂಪನಿ ಮಗನನ್ನು ಆರಿಸಿ, ಮೂಲ ದಾಖಲೆ ತೋರಿಸಲು ಹತ್ತು ದಿನ ಕೊಟ್ಟಿತ್ತು. ಕಬ್ಬಿನ ಬಿಲ್ಲು ಬಂದಿರಲಿಲ್ಲ. ನಾನು ಆ ಕಾಲೇಜಿನ ಕಚೇರಿಯ ಮುಂದಿನ ಬೆಂಚಿನ ಮೇಲೆ ಎರಡು ದಿನ ಕೂತೆ. ಹತ್ತು ದಿನ ಮುಗಿದವು. ದಾಖಲೆ ಕೈಗೆ ಬಂದದ್ದು ಏಳು ತಿಂಗಳ ಮೇಲೆ, 42,000 ಕಟ್ಟಿದ ಮೇಲೆ. ವಿದ್ಯಾರ್ಥಿಗಳ ಮೂಲ ದಾಖಲೆಗಳನ್ನು ಯಾವ ನೆಪದಲ್ಲೂ ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರ ಅಕ್ಟೋಬರ್‌ನಲ್ಲೇ ಅಧಿಸೂಚನೆ ಹೊರಡಿಸಿದೆ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಬೆಂಚಿನ ಮೇಲೆ ಕೂತಿದ್ದಾಗ ಗೊತ್ತಿದ್ದರೆ ನಾನು ಬೇಡಿಕೊಳ್ಳುತ್ತಿರಲಿಲ್ಲ.

ಕ್ಯಾಪಿಟೇಷನ್ ಶುಲ್ಕ, ಅಂದರೆ ಸೀಟಿಗಾಗಿ ನಿಗದಿಗಿಂತ ಹೆಚ್ಚಾಗಿ ಕೀಳುವ ಹಣ, ಅದರ ನಿಷೇಧ ಕಾಯ್ದೆಯನ್ನು ನಮ್ಮ ರಾಜ್ಯ ತಂದದ್ದು 1984ರಲ್ಲಿ. ಇದೇ ವಿಷಯದ ಮೇಲೆ 1992ರಲ್ಲಿ ಸುಪ್ರೀಂ ಕೋರ್ಟ್ ಮೋಹಿನಿ ಜೈನ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು, ಅದೂ ಕರ್ನಾಟಕದ್ದೇ ಪ್ರಕರಣ. ನಾನು ಜಮಖಂಡಿಯಲ್ಲಿ ಕೊನೆಯ ವರ್ಷ ಓದುತ್ತಿದ್ದಾಗ ನಮ್ಮ ಮಾಸ್ತರು ಆ ತೀರ್ಪಿನ ಸುದ್ದಿಯನ್ನು ಪೇಪರಿನಿಂದ ಓದಿ ಹೇಳಿದ್ದು ನೆನಪಿದೆ. ಕಾಯ್ದೆ ಬಂದು ಮೂವತ್ತೈದು ವರ್ಷದ ಮೇಲೂ ನಾನು 50,000 ರೂಪಾಯಿಯನ್ನು ಚೀಲದಿಂದ ತೆಗೆದು ರಸೀದಿ ಇಲ್ಲದೆ ಎಣಿಸಿ ಕೊಟ್ಟು ಬಂದವನು.

ಇನ್ನು ಮಗಳ ಮಾತು. ಅವಳು 2021ರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಸೇರಿದಳು. ಮೂರು ವರ್ಷದ ಎಲ್ಲ ಖರ್ಚು ಅಣ್ಣನ ಒಂದು ಸೆಮಿಸ್ಟರಿನ ಅರ್ಧವೂ ಆಗಲಿಲ್ಲ. 2023ರ ಜೂನ್‌ನಿಂದ ಬಸ್ಸಿನ ಖರ್ಚೂ ಉಳಿಯಿತು. ಶಕ್ತಿ ಯೋಜನೆ ಬಗ್ಗೆ ಯಾರು ಏನೇ ಅನ್ನಲಿ, ನಮ್ಮ ಊರಿನಿಂದ ಬೆಳಗಿನ ಬಸ್ಸಿಗೆ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು ಹೆಚ್ಚಾಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಬಸ್ಸು ಇಳಿದು ಹೋದ ಕಾಲೇಜಿನಲ್ಲಿ ಪಾಠ ಮಾಡುವವರು ಬೇಕಲ್ಲ? ಅವಳ ವಿಷಯಗಳಿಗೆ ಬಂದವರಲ್ಲಿ ಹೆಚ್ಚಿನವರು ಅತಿಥಿ ಉಪನ್ಯಾಸಕರು. ಕೊನೆಯ ವರ್ಷ, 2023ರ ನವೆಂಬರ್‌ನಲ್ಲಿ, ಸೇವಾ ಭದ್ರತೆ ಕೇಳಿ ರಾಜ್ಯದ ಅತಿಥಿ ಉಪನ್ಯಾಸಕರು ಮುಷ್ಕರ ಹೂಡಿದರು. ವಾರಗಟ್ಟಲೆ ಅವಳು ಹೋಗಿ ಖಾಲಿ ಕೋಣೆಯಲ್ಲಿ ಕೂತು ಬಂದಳು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಗಳಿಗೆ ಭೌತಶಾಸ್ತ್ರ ಕಲಿಸಿದವರು ಹನ್ನೊಂದು ವರ್ಷದಿಂದ ಅತಿಥಿ. ಎಂ.ಎಸ್ಸಿ. ಕಲಿತು ನಲವತ್ತರ ಹತ್ತಿರ ಬಂದ ಆ ಮನುಷ್ಯ ಬೇಸಿಗೆ ರಜೆಯಲ್ಲಿ ತನ್ನ ಅಣ್ಣನ ಹೊಲದಲ್ಲಿ ದುಡಿಯುತ್ತಾರೆ. ಓದಿದರೆ ಬಾಳು ಹಸನಾಗುತ್ತದೆ ಅಂತ ಅವರು ಯಾವ ಬಾಯಿಂದ ಮಕ್ಕಳಿಗೆ ಹೇಳಬೇಕು?

ಮಗಳು ಈಗ ಖಾಸಗಿ ಶಾಲೆಯಲ್ಲಿ 8,000ಕ್ಕೆ ಕಲಿಸುತ್ತಾಳೆ. ಪಗಾರ ಒಂದನ್ನೇ ಹಿಡಿದರೆ ಅವಳ ಓದೂ ಸೋತಿತು ಅನ್ನಬೇಕು. ನಾನು ಹಾಗೆ ಅನ್ನುವುದಿಲ್ಲ, ಕಾರಣ ಇದೆ. ಅಣ್ಣನ ಸಾಲದ ಕಂತು ಶುರುವಾದಾಗ ಬ್ಯಾಂಕಿನ ಸ್ಟೇಟ್‌ಮೆಂಟ್ ತರಿಸಿ ಮೂರು ರಾತ್ರಿ ಕೂತು ಲೆಕ್ಕ ಹಾಕಿದವಳು ಅವಳು. ಕಂತು ಶುರುವಾಗುವವರೆಗೆ ಸರಳ ಬಡ್ಡಿ ಹಾಕಬೇಕು ಅಂತ ಸಾಲದ ನಿಯಮದಲ್ಲೇ ಇದೆ. ಬ್ಯಾಂಕು ವರ್ಷ ವರ್ಷ ಬಡ್ಡಿಯನ್ನು ಅಸಲಿಗೆ ಸೇರಿಸಿ ಅದಕ್ಕೂ ಬಡ್ಡಿ ಹಾಕಿತ್ತು. ವ್ಯತ್ಯಾಸ ಸುಮಾರು 37,000. ಅರ್ಜಿ ಬರೆದಳು, ನಿಯಮದ ಪ್ರತಿ ಅಂಟಿಸಿದಳು, ಮ್ಯಾನೇಜರ್ ಮುಂದೆ ನಿಂತು ಬಿಡಿಸಿ ಹೇಳಿದಳು. ನಾಲ್ಕು ತಿಂಗಳಿಗೆ ಹಣ ತಿರುಗಿ ಖಾತೆಗೆ ಬಂತು. ಮೇಲೆ ನಾನು ಬರೆದ 9,45,000 ಅವಳು ತಿದ್ದಿಸಿದ ಲೆಕ್ಕ. ನನ್ನ ತಂಗಿ ಅವಳ ವಯಸ್ಸಿಗೆ ಎರಡು ಮಕ್ಕಳ ತಾಯಿ, ಬ್ಯಾಂಕಿನ ಮೆಟ್ಟಿಲು ಹತ್ತಿದವಳಲ್ಲ. ಹಾಗಾಗಿ ಸಚಿವರೇ, ಓದಿಗೆ ಬೆಲೆ ಇದೆಯೋ ಇಲ್ಲವೋ ಅನ್ನುವುದು ನನ್ನ ಮನೆಯಲ್ಲಿ ಎಂದೋ ತೀರ್ಮಾನವಾದ ಮಾತು. ತೀರ್ಮಾನವಾಗಬೇಕಿರುವುದು ಕಾಲೇಜುಗಳು ನಮ್ಮಿಂದ ಪಡೆಯುವ ಬೆಲೆಗೆ ಆ ಓದನ್ನು ಕೊಡುತ್ತಿವೆಯೋ ಇಲ್ಲವೋ ಅನ್ನುವುದು.

ಇದು ನನ್ನೊಬ್ಬನ ಮನೆಯ ಕಥೆ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆ ಕೂಡಿ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದ ಪದವೀಧರ ಯುವಜನರಲ್ಲಿ ನಿರುದ್ಯೋಗ ಶೇ 29.1. ಓದು ಬರಹ ಬಾರದ ಯುವಜನರಲ್ಲಿ ಶೇ 3.4. ಇದನ್ನು ಓದಿ ಕಲಿಯದವರೇ ಸುಖಿಗಳು ಅಂತ ತಿಳಿಯಬಾರದು. ಇಂಡಿ, ಸಿಂದಗಿ ಕಡೆಯಿಂದ ಗೋವಾಕ್ಕೆ ಗುಳೆ ಹೋಗುವ ಹುಡುಗನಿಗೆ ಸುಮ್ಮನೆ ಕೂತು ನೌಕರಿ ಹುಡುಕುವಷ್ಟು ದಿನ ಇರುವುದಿಲ್ಲ, ಹೋದ ದಿನವೇ ಬುಟ್ಟಿ ಹೊರುತ್ತಾನೆ. ಪದವೀಧರ ಕಾಯುತ್ತಾನೆ, ಯಾಕೆಂದರೆ ಅವನ ಹಿಂದೆ ಮೂರು ವರ್ಷದ ಕಬ್ಬು ನಿಂತಿದೆ. ಕಾಲೇಜುಗಳ ಕೊರತೆಯೂ ನಮ್ಮಲ್ಲಿಲ್ಲ. ಕೇಂದ್ರ ಸರ್ಕಾರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ 18ರಿಂದ 23 ವಯಸ್ಸಿನ ಪ್ರತಿ ಲಕ್ಷ ಜನಕ್ಕೆ ಕರ್ನಾಟಕದಲ್ಲಿ 66 ಕಾಲೇಜು, ದೇಶದ ಸರಾಸರಿ 30. ಕಟ್ಟಡದಲ್ಲಿ ನಾವೇ ಮುಂದು.

ಈ ಭಾಗದಲ್ಲಿ ಶಿಕ್ಷಣ ಹೇಗೆ ಬಂತು ಅನ್ನುವುದನ್ನು ತಮಗೆ ನೆನಪಿಸುವ ಅಗತ್ಯವಿಲ್ಲ, ಆದರೂ ಒಂದು ಮಾತು. 1910ರಲ್ಲಿ ವಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಬಿಎಲ್‌ಡಿಇ ಶಿಕ್ಷಣ ಸಂಸ್ಥೆ ಕಟ್ಟಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಕೂಡಿ ಕೆಎಲ್‌ಇ ಕಟ್ಟಿದರು. ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಓದುವ ಮಕ್ಕಳಿಗೆ ಬರೆದಿಟ್ಟು ಹೋದರು. ನಮ್ಮ ಅಜ್ಜಿ ಅಡಿಗೆಗೆ ಕೂಡುವ ಮೊದಲು ಒಂದು ಹಿಡಿ ಜೋಳ ಬೇರೆ ಗಡಿಗೆಗೆ ಹಾಕುತ್ತಿದ್ದಳಂತೆ, ತಿಂಗಳಿಗೊಮ್ಮೆ ಮಠದವರು ಬಂದು ಒಯ್ಯುತ್ತಿದ್ದರಂತೆ. ಮುಷ್ಟಿ ಫಂಡು. ಆ ಹಿಡಿಹಿಡಿ ಕಾಳಿನಲ್ಲಿ ಬೋರ್ಡಿಂಗುಗಳು ನಡೆದವು, ಬಡವರ ಮಕ್ಕಳು ಓದಿದರು. ಅಜ್ಜಿ ಶಾಲೆ ಕಂಡವಳಲ್ಲ. ತನ್ನ ಕಾಳು ಎಲ್ಲಿಗೆ ಹೋಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ನನ್ನ 378 ಟನ್ ಎಲ್ಲಿಗೆ ಹೋಯಿತು ಅಂತ ಪದವೀಧರನಾದ ನನಗೆ ಗೊತ್ತಿಲ್ಲ.

ನಾವು ಕಬ್ಬಿನವರು. ಕಾಟಾ, ಅಂದರೆ ತೂಕದ ಯಂತ್ರ, ನೋಡದೆ ಗಾಡಿ ಖಾಲಿ ಮಾಡುವವರಲ್ಲ. ಶೇ 10.25 ಸಕ್ಕರೆ ಇಳುವರಿಗೆ ಇಷ್ಟು ದರ ಅಂತ ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ, ಹೇಳುತ್ತದೆ, ಕಾರ್ಖಾನೆಯ ಇಳುವರಿ ಎಷ್ಟು ಅಂತ ನಾವು ಕೇಳುತ್ತೇವೆ, ತೂಕದಲ್ಲಿ ಮೋಸ ಅನಿಸಿದರೆ ಗದ್ದಲ ಮಾಡುತ್ತೇವೆ. ಈ ನವೆಂಬರ್‌ನಲ್ಲಿ ಟನ್ನಿಗೆ 3,500 ಕೇಳಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಹಗಲು ರಾತ್ರಿ ಕೂತರು, ನಾನೂ ಎರಡು ರಾತ್ರಿ ಹೋಗಿ ಮಲಗಿದ್ದೆ. ಸರ್ಕಾರ 3,300ಕ್ಕೆ ತಂದು ನಿಲ್ಲಿಸಿತು. ನೂರಿನ್ನೂರು ರೂಪಾಯಿಗೆ ಚಳಿಯಲ್ಲಿ ರಸ್ತೆ ಮೇಲೆ ಮಲಗಿದ ಅದೇ ನಾನು, ಕಾಲೇಜಿನ ಕೌಂಟರಿನಲ್ಲಿ 18,000 ಯಾತಕ್ಕೆ ಅಂತ ಒಂದು ಮಾತು ಕೇಳಲಿಲ್ಲ. ಅಲ್ಲಿ ಕಾಟಾ ಇರಲಿಲ್ಲ. ಕೇಳಿದರೆ ಮಗನಿಗೆ ತೊಂದರೆ ಆದೀತು ಅನ್ನುವ ಅಂಜಿಕೆ ಇತ್ತು.

ಕಾಟಾ ಹೊಸದಾಗಿ ಮಾಡಿಸಬೇಕಿಲ್ಲ. ತಮ್ಮ ಸರ್ಕಾರದ ಹತ್ತಿರವೇ ಇದೆ. 2024ರ ಜನವರಿ 12ರಂದು ಚಾಲನೆಯಾದ ಯುವನಿಧಿಯನ್ನು ತೆಗೆದುಕೊಳ್ಳಿ. ಪಾಸಾಗಿ 180 ದಿನವಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷದವರೆಗೆ. ನನ್ನ ಮಗಳೂ ಕೆಲವು ತಿಂಗಳು ಪಡೆದಳು, ಶಾಲೆಯಲ್ಲಿ ಕೆಲಸ ಸಿಕ್ಕ ಮೇಲೆ ಬಿಟ್ಟಳು. ಅರ್ಜಿ ಹಾಕುವಾಗ ಪದವಿ ಪ್ರಮಾಣಪತ್ರವನ್ನು ರಾಷ್ಟ್ರೀಯ ಶೈಕ್ಷಣಿಕ ಭಂಡಾರದಿಂದ ತಾಳೆ ನೋಡುತ್ತಾರೆ. ಅಂದರೆ ಯಾವ ಕಾಲೇಜಿನಿಂದ, ಯಾವ ಕೋರ್ಸಿನಿಂದ, ಎಷ್ಟು ಮಕ್ಕಳು ಆರು ತಿಂಗಳಾದರೂ ಖಾಲಿ ಕೂತಿದ್ದಾರೆ ಅನ್ನುವ ಪಟ್ಟಿ ಸರ್ಕಾರದ ಕಂಪ್ಯೂಟರಿನಲ್ಲೇ ಇರಬೇಕು. ಒಂದು ಕಡೆ ನೂರಕ್ಕೆ ನೂರು ಅನ್ನುವ ಫಲಕ, ಇನ್ನೊಂದು ಕಡೆ ಅದೇ ಕಾಲೇಜಿನ ಮಕ್ಕಳಿಗೆ ಸರ್ಕಾರದ ಬೊಕ್ಕಸದಿಂದ ನಿರುದ್ಯೋಗ ಭತ್ಯೆ. ಎರಡನ್ನೂ ಎದುರುಬದುರು ಇಡಿ. ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕಾಲೇಜುವಾರು ಫಲಿತಾಂಶ ಇದೆ. ಶುಲ್ಕದ ಒಪ್ಪಂದ ತಮ್ಮ ಇಲಾಖೆಯಲ್ಲಿದೆ. ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರವೂ ತಮ್ಮದೇ. ಒಂದೊಂದು ಕಾಗದ ಒಂದೊಂದು ಕಪಾಟಿನಲ್ಲಿದೆ, ಅಷ್ಟೇ.

ಆದ್ದರಿಂದ ನನ್ನ ಮೊದಲ ಮತ್ತು ಮುಖ್ಯ ಬೇಡಿಕೆ ಇದು. ಮಕ್ಕಳು ಕಾಲೇಜು ಆರಿಸಿಕೊಳ್ಳುವ ಪ್ರಾಧಿಕಾರದ ಆಪ್ಷನ್ ಎಂಟ್ರಿ ಪುಟದಲ್ಲಿ ಕಾಲೇಜಿನ ಹೆಸರಿನ ಪಕ್ಕದಲ್ಲೇ ಆ ಕೋರ್ಸಿನ ನಾಲ್ಕು ವರ್ಷದ ಪೂರ್ತಿ ಖರ್ಚು ಕಾಣಬೇಕು, ಸ್ಕಿಲ್ ಲ್ಯಾಬು, ಹಾಸ್ಟೆಲ್ಲು ಎಲ್ಲಾ ಸೇರಿ. ಸೇರಿದವರಲ್ಲಿ ಸಮಯಕ್ಕೆ ಪಾಸಾದವರು ಎಷ್ಟು, ಯುವನಿಧಿ ಪಡೆದವರು ಎಷ್ಟು, ಪಾಠ ಮಾಡುವ ಕಾಯಂ ಅಧ್ಯಾಪಕರು ಎಷ್ಟು ಅನ್ನುವುದೂ ಕಾಣಬೇಕು. ಕನ್ನಡದಲ್ಲಿ ಕಾಣಬೇಕು. ಮ್ಯಾನೇಜ್‌ಮೆಂಟ್ ಸೀಟಿಗೂ ಇದೇ ಹಾಳೆಯನ್ನು ಪಾಲಕರ ಸಹಿಗೆ ಮೊದಲು ಕೈಗೆ ಕೊಡಬೇಕು, ಅದರಲ್ಲಿ ಇಲ್ಲದ ಒಂದು ರೂಪಾಯಿಯನ್ನೂ ಮುಂದೆ ಕೇಳಬಾರದು. ಅದೇ ಹಾಳೆಯಲ್ಲಿ ಈ ಸೀಟಿಗೆ ಬಡ್ಡಿ ಸಹಾಯಧನ ಬರುತ್ತದೋ ಇಲ್ಲವೋ ಅಂತ ಒಂದು ಸಾಲು ಇರಲಿ. ಆ ಒಂದು ಸಾಲು 2019ರಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದರೆ ಬಹುಶಃ ಮಗ ಮೆಕ್ಯಾನಿಕಲ್ ಓದಿರುತ್ತಿದ್ದ.

ಮೂಲ ದಾಖಲೆ ಹಿಡಿದಿಟ್ಟುಕೊಳ್ಳುವ ಕಾಲೇಜಿನ ಮೇಲೆ ಪಾಲಕರು ದೂರು ಕೊಟ್ಟರೆ ಏಳು ದಿನದಲ್ಲಿ ದಾಖಲೆ ಕೈಗೆ ಬರುವ ವ್ಯವಸ್ಥೆ ಜಿಲ್ಲಾ ಮಟ್ಟದಲ್ಲೇ ಬೇಕು. ಬೆಂಗಳೂರಿಗೆ ಹೋಗಿ ದೂರು ಕೊಡುವವರು ನಾವಲ್ಲ. ಮತ್ತು ಸರ್ಕಾರಿ ಪದವಿ ಕಾಲೇಜುಗಳಿಗೆ ಕಾಯಂ ಅಧ್ಯಾಪಕರನ್ನು ಕೊಡಿ. ಬಡವನ ಮಗನಿಗೆ ಸಾಲವಿಲ್ಲದೆ ಓದಲು ಉಳಿದಿರುವ ಜಾಗ ಅದೊಂದೇ. ಅಲ್ಲಿ ಒಳ್ಳೆಯ ಪಾಠ ಸಿಕ್ಕರೆ ಫಲಕ ನೋಡಿ ಹೊಲ ಒತ್ತೆ ಇಡುವವರು ತಾವಾಗಿಯೇ ಕಡಿಮೆಯಾಗುತ್ತಾರೆ.

ಇನ್ನೊಂದು ಮಾತು, ಇದು ದೂರಲ್ಲ, ಕೇಳಿಕೆ. ನಮ್ಮ ಓಣಿಯ ಒಬ್ಬ ಹುಡುಗ ಐಟಿಐ ಫಿಟ್ಟರ್ ಮುಗಿಸಿ ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸಕ್ಕಿದ್ದಾನೆ, 24,000 ಪಗಾರ, ಸಾಲ ಒಂದು ರೂಪಾಯಿ ಇಲ್ಲ. ಕಿರಿಯವನು ಅವನನ್ನೇ ತೋರಿಸುತ್ತಾನೆ. ಆ ಹುಡುಗ ಊರಿಗೆ ಬಂದಾಗ ನಾನೇ ಹೋಗಿ ಮಾತಾಡಿಸಿದೆ. "ಕಾಕಾ, ಕೆಲಸ ಚಲೋ ಐತಿ. ಆದ್ರ ಮ್ಯಾಲಿನ ಖುರ್ಚಿಗೆ ಹೋಗಬೇಕಂದ್ರ ಡಿಪ್ಲೊಮಾ ಕೇಳ್ತಾರ. ದುಡಕೋತ ಕಲ್ಯಾಕ ದಾರಿ ಇಲ್ಲ" ಅಂದ. ಬೆಳಗಾವಿಯಲ್ಲಿ ಫೌಂಡ್ರಿಗಳಿವೆ, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಗಳಿವೆ, ನಮ್ಮ ಸುತ್ತ ಸಕ್ಕರೆ ಕಾರ್ಖಾನೆಗಳು ಸಾಲುಸಾಲಾಗಿವೆ. ಹಗಲು ದುಡಿದು ಸಂಜೆ ಡಿಪ್ಲೊಮಾ ಮುಗಿಸುವ ತರಗತಿಗಳು ನಮ್ಮ ಭಾಗದ ಜಿಲ್ಲೆಗಳಲ್ಲಿ ತಾಲ್ಲೂಕಿಗೊಂದಾದರೂ ಇದ್ದರೆ ಅಂಥ ಹುಡುಗರಿಗೆ ಓದು ಮತ್ತು ಗಳಿಕೆಯ ನಡುವೆ ಒಂದನ್ನೇ ಆರಿಸಿಕೊಳ್ಳುವ ಗತಿ ಬರುವುದಿಲ್ಲ.

ಹಿರಿಯ ಮಗನ ಬಗ್ಗೆ ಕೇಳುವಿರಾದರೆ, ಬೆಂಗಳೂರಿನಲ್ಲಿದ್ದಾನೆ. ಕೋಣೆಯ ಬಾಡಿಗೆಯೇ 7,000. ಪಗಾರ ಸಾಲದ್ದಕ್ಕೆ ತಿಂಗಳಿಗೆ 5,000 ಇಲ್ಲಿಂದ ನಾನು ಕಳಿಸುತ್ತೇನೆ. ಈ ಸಲ ಹಬ್ಬಕ್ಕೆ ಬರಲಿಲ್ಲ. ಬಸ್ಸಿನ ದುಡ್ಡು ಉಳಿಯಲಿ ಅಂತ ಬರಲಿಲ್ಲ ಅನ್ನುವುದು ಅವನ ತಾಯಿಗೆ ಗೊತ್ತಿಲ್ಲ, ರಜೆ ಸಿಕ್ಕಿಲ್ಲ ಅಂತ ಹೇಳಿದ್ದೇನೆ. ಅವನು ಸೋಮಾರಿ ಅಲ್ಲ, ದಡ್ಡನೂ ಅಲ್ಲ. ಇದನ್ನು ಅವನ ಸಲುವಾಗಿ ಬರೆಯಲೇಬೇಕಿತ್ತು.

ಕಿರಿಯವನು ಬರುವ ವರ್ಷ ಸಿಇಟಿ ಬರೆಯುತ್ತಾನೆ, ಅದಾದ ಮೇಲೆ ಆಪ್ಷನ್ ಎಂಟ್ರಿ. ಅವನು ಆ ಪುಟ ತೆರೆದಾಗ ನಾನು ಪಕ್ಕದಲ್ಲಿ ಕೂತಿರುತ್ತೇನೆ. ಕಾಲೇಜುಗಳ ಹೆಸರಿನ ಪಕ್ಕ ಏನು ಬರೆದಿರುತ್ತದೆ ಅನ್ನುವುದನ್ನು ಅಷ್ಟರೊಳಗೆ ತಾವು ನಿರ್ಧರಿಸಬಹುದು. ಊಟದ ಹೊತ್ತಿಗೆ ಅವನು ಕೇಳಿದ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ತಮ್ಮ ವಿಶ್ವಾಸಿ,
ಒಬ್ಬ ಕಬ್ಬು ಬೆಳೆಗಾರ, ಮೂವರು ವಿದ್ಯಾವಂತ ಮಕ್ಕಳ ತಂದೆ
ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ
ಡಿಸೆಂಬರ್ 2025